ಜೊತೆಗೆ ಇಳಿದವರು

ನಮ್ಮ ಊರಿಗೆ ಬರುವ ಬಸ್ಸಿನ ಹಲಗೆಯ ಮೇಲೆ ಊರಿನ ಹೆಸರಿಲ್ಲ. ಕೊನೆಯ ನಿಲ್ದಾಣ ಬಂದರೂ ಸೀಟು ಬಿಟ್ಟು ಏಳದವರನ್ನು ನೋಡಿ, ಇವರು ಅಲ್ಲಿಯವರೇ ಇರಬೇಕು ಎಂದುಕೊಂಡು ಕಂಡಕ್ಟರು ಸೀಟಿ ಊದುತ್ತಾನೆ. ಬಸ್ಸು ಇನ್ನೊಂದಷ್ಟು ದೂರ ಬರುತ್ತದೆ. ಇಳಿಜಾರಿನಲ್ಲಿ ಹಂಚಿನ ಮನೆಗಳು, ನಡುವೆ ಸುಣ್ಣ ಬಳಿದ, ಶಿಲುಬೆ ಹೊತ್ತ ದೇವಾಲಯ, ಅದರ ಹಿಂದೆ ಶಾಲೆ, ಶಾಲೆಯ ಎದುರು ನನ್ನ ಮನೆ ಮತ್ತು ಕುಲುಮೆ. ನನ್ನ ಹೆಸರು ಚೌರಪ್ಪ. ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವುದು ನನ್ನ ಕಸುಬು. ಸ್ಟೀಲು ಬಂದ ಮೇಲೆ ಕೆಲಸ ಕಡಿಮೆಯಾಗಿದೆ. ಆದರೂ ಮದುವೆ ಅಡುಗೆಯವರು, ಹೋಟೆಲಿನವರು ಹಂಡೆ ಕೊಳಗ ಹೊತ್ತು ತರುತ್ತಲೇ ಇರುತ್ತಾರೆ.

ನಮ್ಮ ಊರಿನಲ್ಲಿ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಮ್ಮೆ ಏನಾದರೊಂದು ಬೀಳುತ್ತದೆ. ನಿನ್ನೆಯವರೆಗೆ ಸಲೀಸಾಗಿ ಮಾಡುತ್ತಿದ್ದ ಒಂದು ಕೆಲಸ ಬೆಳಿಗ್ಗೆ ಎದ್ದಾಗ ಕೈಯಲ್ಲೂ ಇರುವುದಿಲ್ಲ, ತಲೆಯಲ್ಲೂ ಇರುವುದಿಲ್ಲ. ಬೇಕರಿಯ ಅರುಳಪ್ಪನಿಗೆ ಮೆಟ್ಟಿಲು ಹತ್ತುವುದು ಬಿತ್ತು. ಫಿಲೋಮಿನಾ ಟೀಚರಿಗೆ ಎಣಿಸುವುದು ಬಿತ್ತು. ಒಬ್ಬಾತನಿಗೆ ಕಿತ್ತಳೆ ಸುಲಿಯುವುದು ಬಿದ್ದಿತ್ತಂತೆ. ಅವನು ಯಾರಿಗೂ ಹೇಳದೆ ಬಾಳೆಹಣ್ಣು ತಿಂದುಕೊಂಡೇ ಬದುಕು ಮುಗಿಸಿದ. ಬಿದ್ದದ್ದನ್ನು ಎಷ್ಟು ಹೇಳಿಕೊಟ್ಟರೂ ವಾಪಸು ಬರುವುದಿಲ್ಲ. ಬೈದರೂ ಬರುವುದಿಲ್ಲ, ಮುದ್ದು ಮಾಡಿದರೂ ಬರುವುದಿಲ್ಲ. ಅದೇ ಕೆಲಸ ಬಲ್ಲ ಇನ್ನೊಬ್ಬರು ಬಂದು ಪಕ್ಕದಲ್ಲಿ ಕೂತು, ಕೈ ಹಿಡಿದು, ‘ನಾನೂ ಬಿಟ್ಟೆ’ ಅನ್ನಬೇಕು. ಮನಸ್ಸಿಟ್ಟು ಅನ್ನಬೇಕು. ಆಗ ಅವರಿಗೂ ಅದು ಹೋಗುತ್ತದೆ. ಆಮೇಲೆ ಇಬ್ಬರೂ ಕೂಡಿ ಮೊದಲಿನಿಂದ ಕಲಿಯಬೇಕು. ಬಂದರೆ ಇಬ್ಬರಿಗೂ ಒಟ್ಟಿಗೇ ಬರುತ್ತದೆ. ಇದಕ್ಕೆ ನಾವು ಇಳಿಯುವುದು ಅನ್ನುತ್ತೇವೆ. ಬೀಳುವುದು ಒಬ್ಬರಿಗೆ ಒಂದೇ ಸಲ. ಇಳಿಯುವುದಕ್ಕೆ ಅಂಥ ಮಿತಿಯಿಲ್ಲ.

ಊರು ಇದಕ್ಕೆ ಹೊಂದಿಕೊಂಡಿದೆ. ಫಿಲೋಮಿನಾ ಟೀಚರಿಗಾಗಿ ಹೆಡ್ ಮಾಸ್ತರರೇ ಇಳಿದಾಗ ಇಬ್ಬರೂ ಜಗಲಿಯಲ್ಲಿ ಕೂತು ಹುಣಸೆ ಬೀಜ ಮುಂದಿಟ್ಟುಕೊಂಡು ಒಂದು ಆದಮೇಲೆ ಏನು ಎಂದು ಚರ್ಚೆ ಮಾಡುತ್ತಿದ್ದರು. ಆ ವರ್ಷ ಲೆಕ್ಕದ ಪರೀಕ್ಷೆ ನಡೆಯಲಿಲ್ಲ. ಇಬ್ಬರಿಗೂ ಬೇಗ ಬರದಿರಲಿ ಎಂದು ಮಕ್ಕಳು ದೇವಾಲಯದಲ್ಲಿ ಮೇಣದ ಬತ್ತಿ ಹಚ್ಚಿದರು. ಹೆಣ್ಣು ಕೊಡುವವರು ಹುಡುಗ ಕುಡಿಯುತ್ತಾನೋ ಇಲ್ಲವೋ ಎನ್ನುವುದಕ್ಕಿಂತ ಮೊದಲು, ಇವನು ಇಳಿಯುವವನೋ ಅಲ್ಲವೋ ಎಂದು ವಿಚಾರಿಸುತ್ತಾರೆ. ಎಲ್ಲವೂ ಹೀಗೆ ನಗುವ ಮಾತಲ್ಲ. ಲಾಜರಪ್ಪನಿಗೆ ಮಾತು ಬಿದ್ದಾಗ ಅವನ ಹೆಂಡತಿ ಸೆಲೆಸ್ತಮ್ಮ ಇಳಿದಳು. ಇಬ್ಬರೂ ಎಷ್ಟು ಪ್ರಯತ್ನಪಟ್ಟರೂ ಮಾತು ಬರಲಿಲ್ಲ. ಸಾಯುವವರೆಗೂ ಆ ಮನೆಯಿಂದ ಪಾತ್ರೆಯ ಸದ್ದೊಂದೇ ಕೇಳುತ್ತಿತ್ತು. ಇಳಿದವರೆಲ್ಲ ಹತ್ತಿ ಬರುತ್ತಾರೆಂಬ ಭರವಸೆ ಯಾರೂ ಕೊಟ್ಟಿಲ್ಲ.

ನನಗೆ ಬಿದ್ದದ್ದು ನಡಿಗೆ. ಮದುವೆಯಾಗಿ ಬಹಳ ದಿನ ಆಗಿರಲಿಲ್ಲ. ಬೆಳಿಗ್ಗೆ ಚಾಪೆಯಿಂದ ಏಳಹೋದರೆ ಕಾಲುಗಳು ಯಾರದೋ ಎನ್ನಿಸಿತು. ನನ್ನ ಹೆಂಡತಿ ಮದಲೇನ ಒಲೆಯ ಮೇಲಿದ್ದ ಹಾಲನ್ನು ಇಳಿಸಿಟ್ಟು ಬಂದು ಕೂತಳು, ಕೈ ಹಿಡಿದಳು, ಹೇಳಿಬಿಟ್ಟಳು. ಅಮ್ಮನನ್ನು ಕೇಳಿ ಹೇಳುತ್ತೇನೆ ಅನ್ನಲಿಲ್ಲ, ಸಂಜೆವರೆಗೆ ನೋಡೋಣ ಅನ್ನಲಿಲ್ಲ. ಆ ಮಳೆಗಾಲವಿಡೀ ನಾವಿಬ್ಬರೂ ನೆಲದ ಮೇಲೆ ಬದುಕಿದೆವು. ನೆರೆಯವರು ಅಡುಗೆ ತಂದಿಡುತ್ತಿದ್ದರು. ಗೋಡೆ ಹಿಡಿದು ನಿಲ್ಲಲು ಹೋಗಿ ಅವಳು ನನ್ನ ಮೇಲೆ ಬೀಳುವಳು, ನಾನು ಒರಳಿನ ಮೇಲೆ ಬೀಳುವೆ. ಅವಳು ನಗುತ್ತಿದ್ದಳು. ಮೊದಲ ಹೆಜ್ಜೆ ಬಂದದ್ದು ಒಂದು ಮಧ್ಯಾಹ್ನ, ಮೊಸರಿಗೆ ಬಾಯಿ ಹಾಕಲು ಬಂದ ಬೆಕ್ಕನ್ನು ಓಡಿಸಲು ಇಬ್ಬರೂ ಒಟ್ಟಿಗೆ ಎದ್ದಾಗ. ಬೆಕ್ಕು ಹೋಯಿತು, ನಾವು ನಿಂತೇ ಇದ್ದೆವು.

ಮದಲೇನಳ ಪ್ರಾರ್ಥನೆ ಊರಿಗೇ ಗೊತ್ತು. ದೊಡ್ಡ ಭಕ್ತೆ ಎಂದು ಅವಳನ್ನು ಕರೆದರೆ ಅವಳಿಗೇ ನಗು ಬರುತ್ತಿತ್ತು. ಅವಳು ದೇವರ ಜೊತೆ ಪಕ್ಕದ ಮನೆಯವರ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದಳು. ಅಕ್ಕಿ ಆರಿಸುವಾಗ ಅಷ್ಟು, ಜಪಸರ ಹಿಡಿದಾಗ ಇನ್ನಷ್ಟು. ಪರೀಕ್ಷೆಗೆ ಹೋಗುವವರು, ಆಪರೇಷನ್ನಿಗೆ ಹೋಗುವವರು, ಮಗಳ ಮನೆಯಿಂದ ಸುದ್ದಿ ಬರದವರು ನಮ್ಮ ಬಾಗಿಲಿಗೆ ಬಂದು ‘ಮದಲೇನಮ್ಮ, ಒಂದ್ ಮಾತು ಹೇಳಿಡು’ ಎಂದು ಹೋಗುವರು. ಅವಳು ಹೇಳಿಡುತ್ತಿದ್ದಳು. ನಾನು ಪಕ್ಕದಲ್ಲಿ ಮಂಡಿಯೂರುತ್ತಿದ್ದೆ.

ಫಾದರ್ ಎಲಿಯಾಸ್ ನಮ್ಮ ಊರಿಗೆ ಬಂದಾಗ ಇನ್ನೂ ಚಿಕ್ಕ ವಯಸ್ಸು. ಉದ್ದನೆಯ ಕತ್ತು, ದಪ್ಪ ಕನ್ನಡಕ. ಅನ್ನ ಮಾಡಿದರೆ ಗಂಜಿಯಾಗುತ್ತಿತ್ತು, ಗಂಜಿ ಮಾಡಿದರೆ ಸೀಯುತ್ತಿತ್ತು. ದೇವರು ಯಾಕೆ ಮನುಷ್ಯನಾದ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಅವರು ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿದ್ದರು. ಮೊದಮೊದಲ ಕಾಲದ ಕ್ರೈಸ್ತ ಗುರುಗಳು ಇದರ ಬಗ್ಗೆ ಬರೆದದ್ದೆಲ್ಲ ಅವರಿಗೆ ಬಾಯಿಪಾಠ. ಭಾನುವಾರದ ಪೂಜೆಯಲ್ಲಿ ಅದನ್ನೇ ಬೋಧಿಸಿದರು. ಒಂದು ಮಾತಿನಿಂದ ಜಗತ್ತನ್ನೇ ಉಂಟುಮಾಡಿದವನು ಇನ್ನೊಂದು ಮಾತಿನಿಂದ ಅದನ್ನು ಸರಿಮಾಡಬಹುದಿತ್ತಲ್ಲ, ಯಾಕೆ ಬರಬೇಕಿತ್ತು ಎಂದು ಆ ಕಾಲದವರೂ ಕೇಳುತ್ತಿದ್ದರಂತೆ. ಕೇಡು ಮನುಷ್ಯನ ಹೊರಗೆ ಅಂಟಿದ ಮಣ್ಣಲ್ಲ, ಮೈಯೊಳಗೆ ಸೇರಿಕೊಂಡದ್ದು. ಅದಕ್ಕೇ ಮದ್ದೂ ಮೈಯೊಳಗೇ ಸೇರಬೇಕಾಯಿತು ಎಂದು ಗುರುಗಳು ಉತ್ತರ ಕೊಟ್ಟರಂತೆ. ಹಸಿವು, ನಿದ್ದೆ, ಕಣ್ಣೀರು, ಭಯ, ಕೊನೆಗೆ ಸಾವು, ಯಾವುದನ್ನು ಆತ ತನ್ನ ಮೇಲೆ ಹಾಕಿಕೊಳ್ಳದೆ ಬಿಟ್ಟಿದ್ದರೂ ಅದಷ್ಟು ವಾಸಿಯಾಗದೆ ಉಳಿಯುತ್ತಿತ್ತಂತೆ.

ನಾವೆಲ್ಲ ತಲೆಯಾಡಿಸುತ್ತ ಕೇಳಿದೆವು. ಪೂಜೆ ಮುಗಿದ ಮೇಲೆ ಬೇಕರಿಯ ಅರುಳಪ್ಪ, ಬೋಧನೆ ಬಹಳ ಚೆನ್ನಾಗಿತ್ತು, ಆದರೆ ಇಳಿಯದೆ ಇದ್ದರೆ ಹೇಗೆ ತಾನೇ ಬರುತ್ತದೆ ಎಂದು ಕೇಳಿದ. ಫಾದರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ಮಧ್ಯಾಹ್ನದ ಊಟ ಮರೆತು ಬೇಕರಿಯ ಬೆಂಚಿನ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದು ಕೇಳಿದರು. ನಿಮಗೇನು ಬಿತ್ತು, ಯಾರು ಇಳಿದರು, ಹೇಗನ್ನಿಸಿತು. ಅವರ ಮುಖ ಮಕ್ಕಳ ಮುಖದ ಹಾಗೆ ಆಗಿತ್ತು.

ಫಿಲೋಮಿನಾ ಟೀಚರು ಮಾತ್ರ ಅವರನ್ನು ಸುಮ್ಮನೆ ಬಿಡಲಿಲ್ಲ. ಇಳಿದವನಿಗೆ ನಿಜವಾಗಿಯೂ ಹೋಗಿರಬೇಕು, ಹೋದ ಹಾಗೆ ನಟಿಸಿದರೆ ನಮ್ಮಲ್ಲಿ ಯಾರಿಗೂ ವಾಪಸು ಬಂದದ್ದಿಲ್ಲ. ಹಾಗಾದರೆ ದೇವರಿಗೆ ಏನು ಹೋಯಿತು ಎಂದು ಕೇಳಿದರು. ಫಾದರ್ ಎರಡು ಮೂರು ಉತ್ತರ ಹೇಳಿದರು. ಹಳೆಯ ಗುರುಗಳು ಇದೇ ವಿಷಯಕ್ಕೆ ತಮ್ಮತಮ್ಮಲ್ಲೇ ಜಗಳವಾಡಿ ಊರು ಬಿಟ್ಟುಹೋದದ್ದೂ ಉಂಟು ಎಂದರು. ಟೀಚರು ಒಪ್ಪದೆ ನಿಂತೇ ಇದ್ದಾಗ ಕನ್ನಡಕ ತೆಗೆದು ಒರೆಸಿಕೊಂಡು, ನನಗೂ ಗೊತ್ತಿಲ್ಲ ಎಂದರು. ಅಂದಿನಿಂದ ಟೀಚರಿಗೆ ಅವರ ಮೇಲೆ ಪ್ರೀತಿ ಬಂತು. ಸಾರು ಕಳಿಸಲು ಶುರುಮಾಡಿದರು.

ಮದಲೇನಳಿಗೆ ಬಿದ್ದದ್ದು ಅದರ ಮುಂದಿನ ವರ್ಷ, ಬೇಸಿಗೆ ಮುಗಿಯುತ್ತಿದ್ದಾಗ. ಬೆಳಿಗ್ಗೆ ಎದ್ದು ಶಿಲುಬೆಯ ಗುರುತು ಹಾಕಿಕೊಳ್ಳಲು ಕೈ ಎತ್ತಿದವಳು ಹಣೆಯ ಹತ್ತಿರ ನಿಲ್ಲಿಸಿದಳು. ಕೈ ನೋವೇ ಎಂದೆ. ಅಲ್ಲ ಎಂದಳು. ಜಪಸರ ತೆಗೆದು ಮಣಿ ಹಿಡಿದು ಒಂದೆರಡು ಸಲ ತುಟಿಯಾಡಿಸಿ ಕೆಳಗಿಟ್ಟಳು. ಪದಗಳೆಲ್ಲ ನೆನಪಿದ್ದವು, ಹೇಳಿ ತೋರಿಸಿದಳು. ಸಂತೆಯಲ್ಲಿ ತರಕಾರಿಯ ಹೆಸರು ಕೂಗಿದ ಹಾಗಿತ್ತು.

“ಆ ಕಡೆ ಯಾರೂ ಇಲ್ಲ ಕಣೋ,” ಎಂದಳು. “ಇಷ್ಟ್ ದಿನ ಯಾರ್ ಜೊತೆ ಮಾತಾಡ್ತಿದ್ದೆ ನಾನು?”

ಅವಳು ಅಳಲಿಲ್ಲ. ಅಳುವಂಥದ್ದೇನಿದೆ ಎಂದು ಅವಳಿಗೇ ತಿಳಿಯದ ಹಾಗಿತ್ತು. ಎಂದಿನಂತೆ ಮುದ್ದೆ ತಿರುವಿದಳು, ಹಿತ್ತಲಿಗೆ ನೀರು ಹಾಕಿದಳು. ಆದರೆ ಮನೆಯಲ್ಲಿ ಸದಾ ಇರುತ್ತಿದ್ದ ಆ ಗುನುಗು ನಿಂತುಹೋಗಿ, ನನಗೆ ಕಿವಿಯಲ್ಲಿ ನೀರು ಹೊಕ್ಕ ಹಾಗೆ ಆಯಿತು. ಒಂದ್ ಮಾತು ಹೇಳಿಡು ಎಂದು ಬಂದವರಿಗೆ ಅವಳು, ಹೇಳೋದಕ್ಕೆ ಅಲ್ಲಿ ಯಾರೂ ಕಾಣ್ತಿಲ್ಲ ಎಂದು ನೆಟ್ಟಗೆ ಹೇಳಿ ಕಳಿಸುತ್ತಿದ್ದಳು. ಅವರು ಹೆದರಿ ಹೋಗುತ್ತಿದ್ದರು.

ಇಳಿಯಬೇಕಾದವನು ನಾನೇ. ಇದರಲ್ಲಿ ಯಾರನ್ನೂ ಕೇಳುವಂಥದ್ದಿರಲಿಲ್ಲ. ಬಿದ್ದ ದಿನವೇ ಅವಳ ಪಕ್ಕದಲ್ಲಿ ಕೂತು ಕೈ ಹಿಡಿದು ‘ನಾನೂ ಬಿಟ್ಟೆ’ ಎಂದೆ. ಮಾರನೆಯ ಬೆಳಿಗ್ಗೆ ಅವಳು ನನ್ನ ಮುಖ ನೋಡಿ ಹೇಗಿದೆ ಎಂದು ಕೇಳಿದಳು. ನಾನು ಮಂಡಿಯೂರಿ ನೋಡಿದೆ. ಪದ ಹೇಳಿ ನೋಡಿದೆ. ನಿನ್ನೆ ಹೇಗಿತ್ತೋ ಹಾಗೇ ಇತ್ತು. ಮೊನ್ನೆಯೂ ಹಾಗೇ ಇತ್ತು. ಚಿಕ್ಕವನಿದ್ದಾಗಿನಿಂದ ಹಾಗೇ, ಆ ಕಡೆ ಯಾರೂ ಇಲ್ಲದ ಹಾಗೇ ಇತ್ತು. ಎದ್ದು ಚಾಪೆ ಸುತ್ತತೊಡಗಿದೆ. ಅವಳಿಗೆ ತಿಳಿದುಹೋಯಿತು.

ಮುಂದಿದ್ದ ಕಾಫಿ ಆರಿತು. ಆಮೇಲೆ ಕೇಳಿದಳು: “ಇಷ್ಟ್ ವರ್ಷ ನನ್ನ ಪಕ್ಕದಾಗೆ ಮಂಡಿಯೂರ್ಕೊಂಡು ಏನ್ ಮಾಡ್ತಿದ್ದೆ ಹಂಗಾರೆ?”

“ನಿನ್ನ ನೋಡ್ತಿದ್ದೆ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಲೋಟ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದುಕೊಟ್ಟಳು. ಕೋಪವಿತ್ತೋ ಏನೋ ನನಗೆ ಇಂದಿಗೂ ತಿಳಿದಿಲ್ಲ. ನನಗಂತೂ ಬಹಳ ಕಷ್ಟವಾಯಿತು. ಅವಳು ನನಗಾಗಿ ಕಾಲು ಬಿಟ್ಟುಕೊಟ್ಟವಳು. ನನ್ನ ಹತ್ತಿರ ಬಿಟ್ಟುಕೊಡಲು ಏನೂ ಇರಲಿಲ್ಲ.

ಸುದ್ದಿ ಊರಿಗೆ ತಿಳಿಯಿತು. ಬೇರೆ ಯಾರಾದರೂ ಇಳಿಯಬೇಕಾಗಿತ್ತು. ನಮ್ಮ ಊರಿನವರು ಹೇಡಿಗಳಲ್ಲ. ಕಣ್ಣು ಬಿಟ್ಟುಕೊಟ್ಟವರಿದ್ದಾರೆ, ಮಾತು ಬಿಟ್ಟುಕೊಟ್ಟವರಿದ್ದಾರೆ. ಇದಕ್ಕೆ ಮಾತ್ರ ಹಿಂದೆಗೆದರು. ಕಾಲು ಬಾರದೆ ಸತ್ತರೆ ಕುಂಟನಾಗಿ ಸತ್ತ ಹಾಗೆ. ಇದು ಬಾರದೆ ಸತ್ತರೆ ಏನಾಗಿ ಸತ್ತ ಹಾಗೆ ಎಂದು ಅರುಳಪ್ಪ ನನ್ನನ್ನೇ ಕೇಳಿದ. ಫಿಲೋಮಿನಾ ಟೀಚರು ನಮ್ಮ ಮನೆಗೆ ಬಂದು, ಹೊಸಿಲ ಮೇಲೆ ಕೂತು, ತನಗೆ ಗಂಡನಿಲ್ಲ, ಮಕ್ಕಳಿಲ್ಲ, ಇರುವುದು ಇದೊಂದು, ಇದನ್ನು ಬಿಡಲು ತನ್ನಿಂದ ಆಗುವುದಿಲ್ಲ ಎಂದು ಹೇಳಿ ಅತ್ತರು. ಮದಲೇನ ಅವರ ಬೆನ್ನು ಸವರಿದಳು, ಬಿಡಬೇಡಿ ಎಂದಳು.

ಫಾದರ್ ಬಂದದ್ದು ಅಂದೇ ಸಂಜೆ. ಅವರು ಬರುವುದನ್ನು ನೋಡಿ ಹಿಂದೆಯೇ ಅರುಳಪ್ಪನೂ ಇನ್ನು ಕೆಲವು ಹಿರಿಯರೂ ಬಂದರು. ಟೀಚರು ಹೊಸಿಲಿನಿಂದ ಏಳಲಿಲ್ಲ. ತಾನು ಇಳಿಯುತ್ತೇನೆ ಎಂದು ಫಾದರ್ ಹೇಳಿದರು. ಹಿರಿಯರು ಬೇಡವೆಂದರು. ನಿಮಗೇ ಹೋದರೆ ಪೂಜೆ ಯಾರು ಮಾಡುತ್ತಾರೆ, ಸಾಯುವವರ ತಲೆಯ ಹತ್ತಿರ ಯಾರು ಕೂರುತ್ತಾರೆ, ಒಬ್ಬಳಿಗಾಗಿ ಊರೆಲ್ಲ ಬರಿದಾಗಬೇಕೆ ಎಂದು ಅರುಳಪ್ಪ ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮದಲೇನ ಕೂಡ ಅದನ್ನೇ ಹೇಳಿದಳು; ನನಗೆ ನೋವೇನಿಲ್ಲ, ಊಟ ನಿದ್ದೆ ಎಲ್ಲ ಸೇರುತ್ತದೆ, ನೀವು ನಿಮ್ಮದನ್ನು ಇಟ್ಟುಕೊಳ್ಳಿ ಎಂದಳು.

“ನಿಮಗೆ ನೋವಿಲ್ಲ ಅನ್ನೋದಕ್ಕೇ ನನಗೆ ಭಯ ಆಗ್ತಿರೋದು ಅಮ್ಮ,” ಎಂದರು ಫಾದರ್.

ಟೀಚರು ಕೇಳಿದರು: “ನಿಮಗೆ ವಾಪಸ್ ಬರದಿದ್ರೆ ಸ್ವಾಮಿ?”

ಫಾದರ್ ನಮ್ಮ ಕಡೆಗಲ್ಲ, ತಮ್ಮ ಕೈಗಳ ಕಡೆಗೆ ನೋಡುತ್ತ ಹೇಳಿದರು: “ಆತ ಇಳಿದು ಬಂದ ಅಂತ ಹೋದ ವರ್ಷದಿಂದ ನಿಮಗೆ ಹೇಳ್ತಾ ಇದ್ದೀನಿ. ಇಲ್ಲೇ ನಿಂತ್ಕೊಂಡು ಇನ್ನೊಂದ್ ಸಲ ಹೇಳೋಕೆ ನನ್ನಿಂದ ಆಗಲ್ಲ.”

ಅವರು ಮದಲೇನಳ ಎದುರು ಚಾಪೆಯ ಮೇಲೆ ಕೂತರು. ಅವರ ಕೈ ತಣ್ಣಗಿತ್ತು ಎಂದು ಅವಳು ಆಮೇಲೆ ಹೇಳಿದಳು. ಫಾದರ್ ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಆ ಎರಡು ಪದ ಹೇಳಿದರು. ಅರುಳಪ್ಪ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

ಭಾನುವಾರ ಫಾದರ್ ಎಂದಿನಂತೆ ಉಡುಪು ಧರಿಸಿ ಪೀಠದ ಎದುರು ನಿಂತರು. ಪುಸ್ತಕ ತೆರೆದರು, ಓದಲು ಬಾಯಿ ತೆರೆದರು, ನಿಂತರು. ನಮ್ಮ ಕಡೆ ತಿರುಗಿ ನನ್ನಿಂದ ಆಗುತ್ತಿಲ್ಲ ಎಂದು ಮೆಲ್ಲಗೆ ಹೇಳಿ ಪಕ್ಕದ ಬೆಂಚಿನಲ್ಲಿ ಬಂದು ಕೂತರು. ಯಾರೂ ಎದ್ದು ಹೋಗಲಿಲ್ಲ. ಒಂದು ಹಾಡು ಹೇಳಿ ಮನೆಗೆ ಹೋದೆವು. ಮುಂದಿನ ವಾರಗಳಲ್ಲಿ ಕೆಲವರು ಬಸ್ಸು ಹಿಡಿದು ಬೇರೆ ಊರಿಗೆ ಪೂಜೆಗೆ ಹೋದರು. ಒಂದಿಬ್ಬರು ಮದಲೇನಳನ್ನು ಕಂಡರೆ ಮುಖ ತಿರುಗಿಸಿದರು. ಆದರೆ ಹೆಚ್ಚಿನವರು ಭಾನುವಾರ ಬಂದು ಹಾಡಿ, ಸುಮ್ಮನೆ ಕೂತು, ಹೋಗುವಾಗ ಫಾದರ್ ಕೈಗೆ ಏನಾದರೂ ತಿಂಡಿ ಇಟ್ಟು ಹೋಗುತ್ತಿದ್ದರು. ಅಷ್ಟರಮಟ್ಟಿಗೆ ನಮ್ಮ ಊರು ಒಳ್ಳೆಯದು.

ಫಾದರ್ ದಿನವೂ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಎಲ್ಲಿಂದ ಶುರುಮಾಡುವುದೆಂದು ಇಬ್ಬರಿಗೂ ತಿಳಿಯದು. ನಡಿಗೆಯಾದರೆ ಗೋಡೆ ಹಿಡಿಯಬಹುದು. ಇದಕ್ಕೆ ಹಿಡಿಯುವುದು ಏನನ್ನು? ಮಂಡಿಯೂರಿ ನೋಡಿದರು, ಮಂಡಿ ನೋಯಿತು. ಪದ ಹೇಳಿ ನೋಡಿದರು. ಫಾದರಿಗೆ ತಾವು ಓದಿದ್ದೆಲ್ಲ ಹಾಗೇ ನೆನಪಿತ್ತು. ದೇವರಿದ್ದಾನೆ ಎಂಬುದಕ್ಕೆ ಕಾರಣಗಳು, ಆತ ಯಾಕೆ ಬಂದ ಎಂಬುದಕ್ಕೆ ಕಾರಣಗಳು. ಅವನ್ನೆಲ್ಲ ಮದಲೇನಳಿಗೆ ವಿವರಿಸಿದರು. ಅವಳು ಕಡಲೆಕಾಯಿ ಸುಲಿಯುತ್ತ ಕೇಳಿ, ಎಲ್ಲ ಸರಿಯಾಗಿದೆ ಸ್ವಾಮಿ, ಆದರೆ ಮಾತಾಡುವುದು ಯಾರ ಜೊತೆ ಎಂದಳು. ಅವರೂ ಒಂದು ಕಾಯಿ ಎತ್ತಿಕೊಂಡು ಸುಲಿಯಲು ಕೂತರು.

ಒಂದು ದಿನ ನಾನು ಕುಲುಮೆಯ ಹತ್ತಿರ ಹೋಟೆಲಿನ ಕೊಳಗ ಕಾಯಿಸುತ್ತಿದ್ದಾಗ ಫಾದರ್ ಮಾತಾಡುತ್ತಿದ್ದದ್ದು ಕೇಳಿಸಿತು. ಚಿಕ್ಕಂದಿನಿಂದ ಬೆಳಿಗ್ಗೆ ಕಣ್ಣು ಬಿಟ್ಟರೆ ಮನೆಯಲ್ಲಿ ಯಾರೋ ಆಗಲೇ ಎದ್ದಿರುವ ಹಾಗೆ ಇರುತ್ತಿತ್ತಂತೆ. ಈಗ ಎದ್ದರೆ ಮನೆ ಖಾಲಿ. ಓದಿದ್ದೆಲ್ಲ ಆ ಖಾಲಿ ಮನೆಯ ಕಪಾಟಿನಲ್ಲಿ ನೀಟಾಗಿ ಜೋಡಿಸಿದ ಹಾಗಿದೆ ಎಂದು ಹೇಳುತ್ತ ಅವರು ಅಳತೊಡಗಿದರು. ಮದಲೇನ ಕಡಲೆಕಾಯಿಯ ಮೊರ ಪಕ್ಕಕ್ಕಿಟ್ಟು ಅವರ ತಲೆಯ ಮೇಲೆ ಕೈಯಿಟ್ಟಳು.

“ಗೊತ್ತು ಸ್ವಾಮಿ,” ಎಂದಳು. “ನನಗೂ ಹಂಗೇ.”

ಅವರು ತಲೆ ಎತ್ತಿ ಅವಳನ್ನು ನೋಡಿದರು. ಆ ಹೊತ್ತಿನಲ್ಲಿ ಹಾಗೆ ಹೇಳಬಲ್ಲವಳು ನಮ್ಮ ಊರಿನಲ್ಲಿ ಅವಳೊಬ್ಬಳೇ ಇದ್ದಳು. ಬಿದ್ದ ಮೇಲೆ ಮೊದಲ ಸಲ ಅವಳ ಕಣ್ಣಲ್ಲೂ ನೀರು ಬಂದದ್ದನ್ನು ನಾನು ಕಂಡೆ. ಕೊಳಗ ಹೆಚ್ಚು ಕಾದು ಕಲಾಯಿಗೆ ಹಾಕಿದ ತವರ ಹಾಳಾಯಿತು.

ಮಳೆ ಹಿಡಿದ ಮೇಲೆ ಫಾದರಿಗೆ ಜ್ವರ ಬಂತು. ಮೊದಲು ನೆಗಡಿ ಅಂದರು, ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಗುರುಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಅರುಳಪ್ಪನೂ ನಾನೂ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಮ್ಮ ಮನೆಗೆ ಹೊತ್ತು ತಂದೆವು. ಊರಿನ ಡಾಕ್ಟರು ಬಂದು ಸೂಜಿ ಹಾಕಿ, ಎದೆಯಲ್ಲಿ ನೀರು ಸೇರಿದೆ, ದೊಡ್ಡಾಸ್ಪತ್ರೆಗೆ ಸೇರಿಸಬೇಕು ಎಂದರು. ಮಳೆಗೆ ರಸ್ತೆ ಕುಸಿದು ಬಸ್ಸು ನಿಂತಿತ್ತು. ದಾರಿ ಬಿಡುವವರೆಗೆ ಕಾಯುವುದೊಂದೇ ಉಳಿಯಿತು. ಊರಿನವರು ನಮ್ಮ ಜಗಲಿಯ ಮೇಲೆ ಬಂದು ಕೂರುತ್ತಿದ್ದರು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರ ಮುಖದಲ್ಲೂ ಒಂದೇ ಇತ್ತು. ಅವರು ಈ ಸ್ಥಿತಿಯಲ್ಲೇ, ಖಾಲಿಯಾಗಿಯೇ ಹೋಗಿಬಿಟ್ಟರೆ?

ಮದಲೇನ ಅವರ ಹಾಸಿಗೆ ಬಿಟ್ಟು ಕದಲಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕುವಳು, ಚಮಚದಲ್ಲಿ ಗಂಜಿ ನೀರು ಬಿಡುವಳು. ಜ್ವರ ಏರಿದಾಗ ಅವರು ಕಣ್ಣು ಮುಚ್ಚಿಕೊಂಡೇ, ಯಾರಾದರೂ ನರಳುವ ಹಾಗೆ, ಅಪ್ಪಾ ಅಪ್ಪಾ ಎಂದು ನರಳುತ್ತಿದ್ದರು. ಅವರ ತಂದೆ ತೀರಿಹೋಗಿ ಬಹಳ ಕಾಲವಾಗಿತ್ತು.

ಒಂದು ಮಧ್ಯಾಹ್ನ ಉಸಿರು ಬಹಳ ಕೆಟ್ಟಿತು. ಎಳೆದ ಉಸಿರು ಒಳಗೆ ಎಲ್ಲೋ ಸಿಕ್ಕಿಕೊಂಡು, ಹೊರಗೆ ಬರುತ್ತದೋ ಇಲ್ಲವೋ ಎಂದು ಕಾಯಬೇಕಾಗಿತ್ತು. ಡಾಕ್ಟರು ನಾಡಿ ಹಿಡಿದು ನೋಡಿ ತಮ್ಮ ಚೀಲ ಮುಚ್ಚಿದರು. ಮದಲೇನ ಎದ್ದು ಅಂಗಳಕ್ಕೆ ಬಂದಳು. ನಾನು ಹಿಂದೆಯೇ ಬಂದೆ. ಅವಳು ಮಳೆಯಲ್ಲೇ ನಿಂತಿದ್ದಳು. ಬಟ್ಟೆ ಹಿಂಡಿದ ಕೈಗಳು ಇನ್ನೂ ಹಾಗೇ ಮುಂದಕ್ಕೆ ಇದ್ದವು.

“ಅವರನ್ನ ಉಳಿಸ್ಕೊಡು,” ಎಂದಳು.

ನನಗೆ ಹೇಳಿದಳೆಂದುಕೊಂಡು ನಾನೇನು ಮಾಡಲಿ ಎಂದೆ. ಅವಳು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಬೆಚ್ಚಿದ ಕಳೆಯಿತ್ತು. ನಿನಗಲ್ಲ ಎಂದಳು. ಹಾಗಾದರೆ ಯಾರಿಗೆ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಯಾಕೆಂದರೆ ಅವಳು ಅದನ್ನು ಹೇಳಿದಾಗ ನನ್ನೊಳಗೂ ಏನೋ ಅದೇ ಮಾತನ್ನು ಹಿಡಿದುಕೊಂಡಿತ್ತು. ಉಳಿಸಿಕೊಡು, ಉಳಿಸಿಕೊಡು ಎನ್ನುತ್ತಿತ್ತು. ಯಾರಿಗೆಂದು ನನಗೂ ಗೊತ್ತಿರಲಿಲ್ಲ. ಆದರೆ ಆ ಮಾತು ಬಿದ್ದುಹೋಗುತ್ತಿರಲಿಲ್ಲ, ಎಲ್ಲೋ ಹೋಗಿ ಮುಟ್ಟುತ್ತಿತ್ತು. ನಾವಿಬ್ಬರೂ ಮಳೆಯಲ್ಲಿ ನಿಂತೇ ಇದ್ದೆವು.

ಒಳಗಿನಿಂದ ಫಾದರ್ ಅಪ್ಪಾ ಎಂದದ್ದು ಕೇಳಿಸಿತು. ಅಷ್ಟು ದಿನ ಕೇಳಿದ್ದೇ, ಆದರೆ ಈ ಸಲ ನರಳಿದ ಹಾಗಿರಲಿಲ್ಲ. ಬಾಗಿಲು ತೆರೆದವರನ್ನು ಗುರುತು ಹಿಡಿದು ಕರೆದ ಹಾಗಿತ್ತು. ನಾವು ಒಳಗೆ ಓಡಿದೆವು. ಅವರು ಕಣ್ಣು ಬಿಟ್ಟು ಸೂರಿನ ಕಡೆ ನೋಡುತ್ತಿದ್ದರು, ಉಸಿರು ಇನ್ನೂ ಕಷ್ಟದಲ್ಲೇ ಇತ್ತು. ಮದಲೇನಳನ್ನು ಕಂಡು ತುಟಿಯಲ್ಲೇ, ನಿಮಗೂ ಬಂತಾ ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು.

ಅಂದೇ ಜ್ವರ ಬಿಡಲಿಲ್ಲ. ವಾರದ ಮೇಲೆ ರಸ್ತೆ ಸರಿಯಾಗಿ ಆಸ್ಪತ್ರೆಗೆ ಕಳಿಸಿದೆವು. ಎರಡು ತಿಂಗಳ ಮೇಲೆ ಸೊರಗಿ ಕಡ್ಡಿಯಾಗಿ, ನಗುತ್ತ ಬಸ್ಸಿಳಿದರು. ಅವರ ಮೊದಲ ಪೂಜೆಯ ದಿನ ದೇವಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಖ ತಿರುಗಿಸಿದವರೂ ಬಂದಿದ್ದರು. ಬೋಧನೆಯ ಸಮಯದಲ್ಲಿ ಫಿಲೋಮಿನಾ ಟೀಚರು ಮುಂದಿನ ಬೆಂಚಿನಲ್ಲಿ ಕತ್ತು ನೀಡಿ ಕೂತಿದ್ದರು. ದೇವರಿಗೆ ಏನು ಹೋಯಿತು ಎಂಬ ಪ್ರಶ್ನೆಗೆ ಈಗಲಾದರೂ ಉತ್ತರ ಸಿಗುತ್ತದೆಂದು ಅವರಿಗೆ ಆಸೆ. ಫಾದರ್ ಅವರ ಕಡೆಗೇ ನೋಡಿ, ಉತ್ತರ ಇನ್ನೂ ಗೊತ್ತಿಲ್ಲ, ಆದರೆ ಆ ಪ್ರಶ್ನೆ ಎಷ್ಟು ಆಳ ಎಂದು ಇಳಿದು ನೋಡಿ ಬಂದೆ ಎಂದರು. ಬೋಧನೆ ಅಲ್ಲಿಗೇ ಮುಗಿಯಿತು. ಟೀಚರು ಮನೆಗೆ ಹೋಗಿ ಎರಡು ಬಗೆಯ ಸಾರು ಕಳಿಸಿದರು.

ನನಗೆ ಆ ಮಳೆಯ ದಿನ ಶುರುವಾದದ್ದು ನಿಲ್ಲಲಿಲ್ಲ. ಮದಲೇನಳ ಹಾಗೆ ಧಾರಾಳವಾಗಿ ಮಾತಾಡಲು ಬಾರದು. ಬೆಳಿಗ್ಗೆ ಇದ್ದಿಲಿಗೆ ಬೆಂಕಿ ಹಚ್ಚುವಾಗ ಒಂದೆರಡು ಮಾತು, ಅದೂ ತೊದಲು. ಅವಳು ಕೇಳಿಸಿಕೊಂಡು ನಗುತ್ತಿದ್ದಳು, ನಾನೂ ಮುಚ್ಚಿಡುತ್ತಿರಲಿಲ್ಲ. ಹೀಗೆ ಕೆಲವು ವರ್ಷ ಹೋದವು. ಫಾದರಿಗೆ ವರ್ಗವಾಯಿತು, ಬೇರೆ ಗುರುಗಳು ಬಂದರು.

ಈ ಮಾಗಿಯಲ್ಲಿ ಇಟ್ಟಿಗೆ ಗೂಡಿನ ಸೂಸೆಯಪ್ಪನಿಗೆ ಬಿತ್ತು. ಮದಲೇನಳಿಗೆ ಬಿದ್ದದ್ದೇ ಬಿತ್ತು. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ, ಊರಿನಲ್ಲಿ ಅವನ ಜೊತೆ ಜಗಳವಾಡದವರೂ ಇರಲಿಲ್ಲ. ನನಗೂ ಅವನಿಗೂ ಗಡಿ ಗೋಡೆಯ ವಿಷಯಕ್ಕೆ ಮಾತು ಬಿಟ್ಟು ಹೋಗಿತ್ತು. ದಿನ ಕಳೆದರೂ ಯಾರೂ ಇಳಿಯಲಿಲ್ಲ. ಅವನು ಗೂಡಿನ ಪಕ್ಕ ಒಬ್ಬನೇ ಕೂತಿರುವುದನ್ನು ನಾನು ದಾರಿಯಲ್ಲಿ ಹೋಗುವಾಗ ಬರುವಾಗ ನೋಡುತ್ತಿದ್ದೆ. ಕೊನೆಗೆ ಮದಲೇನಳಿಗೆ ಹೇಳಿದೆ. ಅವಳು ತಾನೇ ಹೋಗುತ್ತೇನೆ ಎಂದಳು. ಬೇಡ, ಈ ಸಲ ನಾನು ಎಂದೆ.

“ನಿಂದು ಇನ್ನೂ ಎಳೇದು ಕಣೋ,” ಎಂದಳು ಅವಳು. ತಡೆಯಲಿಲ್ಲ. ಡಬ್ಬಿಗೆ ಊಟ ಕಟ್ಟಿಕೊಟ್ಟಳು.

ಅವಳು ಹೇಳಿದ್ದು ನಿಜ. ನನ್ನದು ಸಣ್ಣದು, ಹೊಸದು, ಅದಿಲ್ಲದೆ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೂಡಿನವರೆಗೆ ನಡೆಯುತ್ತ ಇದ್ದಷ್ಟು ಹೊತ್ತು ಆ ಕಡೆಯವನ ಜೊತೆ ಮಾತಾಡಿಕೊಂಡೆ. ಆಮೇಲೆ ಸೂಸೆಯಪ್ಪನ ಒರಟು ಕೈ ಹಿಡಿದು, ನಾನೂ ಬಿಟ್ಟೆ ಎಂದೆ.

ನಮಗಿನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ ತಿಳಿಯದು. ಮದಲೇನ ಮನೆಯಲ್ಲಿ ನಮ್ಮಿಬ್ಬರ ಹೆಸರು ಹೇಳಿ ಮಾತಾಡುತ್ತಾಳೆ. ನನಗೀಗ ಅದು ಬರೀ ಅವಳ ದನಿಯಾಗಿ ಕೇಳುತ್ತದೆ, ಆದರೂ ಕೇಳುತ್ತ ನಿಲ್ಲುತ್ತೇನೆ. ದಿನಾ ಮಧ್ಯಾಹ್ನ ಕುಲುಮೆ ಆರಿಸಿ ಗೂಡಿಗೆ ಹೋಗುತ್ತೇನೆ. ಮೊದಲೆಲ್ಲ ಸೂಸೆಯಪ್ಪ ನನ್ನ ಮುಖ ಕೂಡ ನೋಡುತ್ತಿರಲಿಲ್ಲ. ನಿನ್ನೆ ಇದ್ದಕ್ಕಿದ್ದಂತೆ ಕೇಳಿದ.

“ಯಾಕೋ ಇಳ್ದೆ ಚೌರಪ್ಪ? ನಿಂಗೂ ನಂಗೂ ಮಾತೇ ಇರ್ಲಿಲ್ಲ.”

ನಾನು ಯೋಚಿಸಿದೆ. ಫಾದರ್ ಎಲಿಯಾಸ್ ಹೇಳಿದ ಕಾರಣಗಳೆಲ್ಲ ನೆನಪಿದ್ದವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು.

“ನೀನ್ ಇಲ್ಲಿದ್ಯಲ್ಲ,” ಎಂದೆ. “ಅದಕ್ಕೆ.”

ಅವನು ಇಟ್ಟಿಗೆಯ ಮೇಲೆ ಹಾಸಿದ್ದ ಹಲಗೆಯಲ್ಲಿ ಆ ತುದಿಗೆ ಸ್ವಲ್ಪ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟ.